ಖಂಡೆ ಪೂಜೆಗೆ ಕೂತ ಹವಾಪೆಟ್ಟಿಗೆ

ನನ್ನ ಬಗ್ಗೆ ನಾಲ್ಕು ಜನ ಮಾತಾಡುವುದು ನನಗೆ ಹಿಡಿಸುವುದಿಲ್ಲ. ಇಬ್ಬರು ಮಾತಾಡಿದರೂ ಹಿಡಿಸುವುದಿಲ್ಲ. ಹುಟ್ಟಿದ ದಿನ ಯಾರಿಗೂ ಹೇಳದೆ ಕೆಲಸಕ್ಕೆ ಹೋಗಿ ಬರುವವಳು ನಾನು. ಜ್ವರ ಬಂದರೆ ಅದು ಬಿಟ್ಟ ಮೇಲೆ ಮನೆಯಲ್ಲಿ ಹೇಳುತ್ತೇನೆ. ಇಂಥವಳಿಗೆ ಕಾಯಿಲೆ ಕೊಡಲೇಬೇಕೆಂದು ದೇವರಿಗೆ ಅನಿಸಿದ್ದರೆ ಗುಟ್ಟಾಗಿಡಬಹುದಾದಂಥವು ಎಷ್ಟೋ ಇದ್ದವು. ರಕ್ತಹೀನತೆ ಸದ್ದು ಮಾಡುವುದಿಲ್ಲ. ಮೊಣಕಾಲು ನೋವನ್ನು ಸೀರೆಯೊಳಗೆ ಮುಚ್ಚಿಡಬಹುದು. ಇವೆಲ್ಲವನ್ನೂ ಬಿಟ್ಟು ಅವನು ನನಗೆ ಆರಿಸಿ ಕೊಟ್ಟದ್ದು ಗೊರಕೆ. ಅದೂ ಎಂಥದು? ಎರಡು ಮನೆ ಆಚೆಗೂ ಕೇಳಿಸುವಂಥದು, ಹೊಡೆಯುವವಳಿಗೆ ಮಾತ್ರ ಕೇಳಿಸದಂಥದು. ಮನುಷ್ಯ ಮಾಡುವ ಸಕಲ ಕೆಲಸಗಳಲ್ಲಿ ಊರಿಗೆಲ್ಲ ಸಾಕ್ಷಿಯಿದ್ದು ಮಾಡಿದವರಿಗೆ ಮಾತ್ರ ಸಾಕ್ಷಿಯಿಲ್ಲದ ಕೆಲಸ ಇದೊಂದೇ ಇರಬೇಕು. ಹಾಗಾಗಿ ಇಪ್ಪತ್ತೆಂಟು ವರ್ಷ ನಾನು ಗೊರಕೆ ಹೊಡೆಯದವಳಾಗಿಯೇ ಬದುಕಿದೆ, ನನ್ನ ಲೆಕ್ಕದಲ್ಲಿ.

ಲೆಕ್ಕವೆಂದದ್ದು ಸುಮ್ಮನೆ ಅಲ್ಲ. ಕರಾರುವಾಕ್ಕಾಗಿ ಇರುವುದೇ ನನ್ನ ಕಸುಬು. ಕಲಬುರಗಿಯಲ್ಲಿ ರಸಾಯನಶಾಸ್ತ್ರ ಓದಿ, ಈಗ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ನಡೆದದ್ದನ್ನೆಲ್ಲ ಬರೆಯಬೇಕು, ಬರೆದದ್ದೆಲ್ಲ ನಡೆದಿರಬೇಕು. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಅದಕ್ಕೆ ಡೀವಿಯೇಷನ್ ಎಂದು ಹೆಸರು, ಮತ್ತು ಅದಕ್ಕೊಂದು ಪ್ರತ್ಯೇಕ ಫಾರ್ಮು: ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಕ್ರಮ ಕೈಗೊಂಡಿರಿ. ನನ್ನ ಜಾಗ ಮಾತ್ರೆ ಒತ್ತುವ ಕೋಣೆ. ಒಂದು ಕಡೆ ಪುಡಿ ಬಿದ್ದು ಇನ್ನೊಂದು ಕಡೆ ಮಾತ್ರೆಯಾಗಿ ಉದುರುವ ಆ ಯಂತ್ರದ ಪಕ್ಕದಲ್ಲಿ, ಕಿವಿಗೆ ಪ್ಲಗ್ ಹಾಕಿಕೊಂಡು, ಹೊತ್ತುಹೊತ್ತಿಗೆ ಇಷ್ಟು ಮಾತ್ರೆ ಎತ್ತಿ ತೂಕ, ದಪ್ಪ, ಗಟ್ಟಿತನ ನೋಡಿ ಬರೆಯುತ್ತೇನೆ. ಆ ಕೋಣೆಯನ್ನು ನಾನು ಮನೆಗಿಂತ ಹೆಚ್ಚು ಪ್ರೀತಿಸುತ್ತೇನೆ. ಕಾರಣ ಸರಳ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಮಾತಾಡಿಸಿದರೂ ಗದ್ದಲದಲ್ಲಿ ಕೇಳಿಸುವುದಿಲ್ಲ. ಅದರ ಎದುರಿಗೆ ಕಾಗದಪತ್ರಗಳ ಕೋಣೆಯಿದೆ. ಅಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯತನಕ ಕಡತ ಹೊಲಿಯುತ್ತ ಒಬ್ಬರ ಮನೆಯ ಸಂಗತಿಯನ್ನು ಇನ್ನೊಬ್ಬರು ಬಿಚ್ಚುತ್ತ ಕೂತಿರುತ್ತಾರೆ. ಒಳ್ಳೆಯವರು. ನನಗೊಂದು ವರ ಹುಡುಕಬೇಕೆಂದು ನಾಲ್ವರಿಗೂ ಬಹಳ ಆಸೆ. ಆ ಬಾಗಿಲ ಮುಂದೆ ನಾನು ಸ್ವಲ್ಪ ಬೇಗ ನಡೆಯುತ್ತೇನೆ.

ನಮ್ಮ ಮನೆ ಬಸವಕಲ್ಯಾಣದಲ್ಲಿ. ಮನೆಯಲ್ಲಿ ಅವ್ವ, ಆಯಿ ಮತ್ತು ನಾನು. ಅಪ್ಪ ಹೆಚ್ಚು ದಿನ ಹುಲಸೂರಿನ ಹೊಲದಲ್ಲೇ ಇರುತ್ತಾರೆ. ಆಯಿ ಎಂದರೆ ಅಪ್ಪನ ತಾಯಿ. ನಾನು ಅವಳ ಕೋಣೆಯಲ್ಲೇ ಮಲಗುವುದು. ಬೇಸಿಗೆಯಲ್ಲಿ ಮಾತ್ರ ನಮ್ಮ ಓಣಿಗೆ ಓಣಿಯೇ ಮಲಗಲು ಮಾಳಿಗೆ ಹತ್ತುತ್ತದೆ. ನಮ್ಮ ಮಾಳಿಗೆಗೂ ಪಕ್ಕದ ರಜಿಯಾ ಖಾಲಾ ಅವರ ಮಾಳಿಗೆಗೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಬೆಳಿಗ್ಗೆ ಹಾಸಿಗೆ ಸುತ್ತುವಾಗ ಖಾಲಾ ಆ ಗೋಡೆಯ ಮೇಲಿಂದ, "ರಾತ್ರಿ ನಿದ್ದಿ ಬರೋಬ್ಬರಿ ಆತೇನು ಬೇಟಾ?" ಎಂದು ಕೇಳುತ್ತಿದ್ದರು. ನಾನು ಆಯಿಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿ, "ಆಯಿದು ಜರಾ ಸಪ್ಪಳ ಖಾಲಾ. ನಿಮಗೂ ತಕಲೀಫ್ ಆಗ್ತದ," ಎನ್ನುತ್ತಿದ್ದೆ. ಆಯಿ ಕೌದಿ ಮಡಿಸುತ್ತ, "ವಯಸ್ಸಾತಲ್ಲವ್ವಾ," ಎಂದು ಒಪ್ಪಿಕೊಳ್ಳುತ್ತಿದ್ದಳು. ನನ್ನ ಬಳಿ ಪುರಾವೆಯೂ ಇತ್ತು. ಎಷ್ಟೋ ಸಲ ಯಾವುದೋ ಸದ್ದಿಗೆ ನನಗೆ ಎಚ್ಚರವಾದರೆ ಆಯಿ ಹಾಸಿಗೆಯ ಮೇಲೆ ಎದ್ದು ಕೂತಿರುತ್ತಿದ್ದಳು. ಪಾಪ, ಮುದುಕಿ ತನ್ನ ಗೊರಕೆಗೆ ತಾನೇ ಎದ್ದು ಕೂತಿದ್ದಾಳೆ ಎಂದು ಮರುಗಿ ನಾನು ಮತ್ತೆ ನಿದ್ದೆ ಹೋಗುತ್ತಿದ್ದೆ.

ನಿದ್ದೆ ಹೋಗುವುದರಲ್ಲಿ ನನಗೆ ಸರಿಸಾಟಿ ಇರಲಿಲ್ಲ. ರಾತ್ರಿ ಎಂಟು ತಾಸು ಮಲಗಿದರೂ ಬೆಳಿಗ್ಗೆ ಬಸ್ಸು ಸಸ್ತಾಪುರ ಬಂಗ್ಲಾ ದಾಟುವಷ್ಟರಲ್ಲಿ ನನ್ನ ತಲೆ ಕಿಟಕಿಗೆ ಒರಗಿರುತ್ತಿತ್ತು. ಪಕ್ಕದ ಸೀಟಿನಲ್ಲಿ ಯಾವಾಗಲೂ ಸರೋಜಕ್ಕ. ಅವರು ಹುಮನಾಬಾದಿನ ಒಂದು ಶಾಲೆಯಲ್ಲಿ ಟೀಚರು. ಐದು ವರ್ಷದಿಂದ ನಾವಿಬ್ಬರೂ ಅದೇ ಬಸ್ಸಿಗೆ ಹೋಗಿ ಅದೇ ಬಸ್ಸಿಗೆ ಬರುವವರು. ಊರು ಬಂದಾಗ ನಾನು ದಡಕ್ಕನೆ ಎದ್ದು, ಸೆರಗು ಸರಿಮಾಡಿಕೊಂಡು, "ನಿದ್ದಿ ಹತ್ತಿತ್ತಲ್ರಿ ಅಕ್ಕ. ಏನರ ಸಪ್ಪಳ ಮಾಡಿದ್ನೇನು?" ಎಂದು ಕೇಳುತ್ತಿದ್ದೆ. ಸರೋಜಕ್ಕ ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ, "ಇಲ್ಲವ್ವಾ, ನನಗೇನೂ ಕೇಳಿಸಿಲ್ಲ," ಎನ್ನುತ್ತಿದ್ದರು. ಐದು ವರ್ಷ, ದಿನಕ್ಕೆರಡು ಸಲ, ಅದೇ ಉತ್ತರ. ನನ್ನ ಕಸುಬಿನಲ್ಲಿ ಒಂದೇ ಫಲಿತಾಂಶ ಇಷ್ಟು ಸಲ ಬಂದರೆ ಅನುಮಾನ ಪಡಬೇಕು. ನಾನು ಪಡಲಿಲ್ಲ.

ಈ ಲೆಕ್ಕ ಕೆಟ್ಟದ್ದು ಜುಲೈ ತಿಂಗಳಲ್ಲಿ. ವರ್ಷಕ್ಕೊಮ್ಮೆ ಕಾರ್ಖಾನೆಗೆ ಆರೋಗ್ಯ ತಪಾಸಣೆಯ ವ್ಯಾನ್ ಬರುತ್ತದೆ. ಗದ್ದಲದ ಕೋಣೆಗಳಲ್ಲಿ ಕೆಲಸ ಮಾಡುವವರಿಗೆ ಕಿವಿ ಪರೀಕ್ಷೆ ಕಡ್ಡಾಯ. ಮೊದಲು ಒಂದು ಫಾರ್ಮು. ಹದಿನಾಲ್ಕನೆಯ ಪ್ರಶ್ನೆ: ಗೊರಕೆ ಹೊಡೆಯುತ್ತೀರಾ? ನಾನು ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, "ಇಲ್ಲ" ಎಂದು ಬರೆದು ಸಹಿ ಹಾಕಿದೆ. ಆಮೇಲೆ ವ್ಯಾನಿನೊಳಗಿನ ಪುಟ್ಟ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಸಣ್ಣ ಸಣ್ಣ ದನಿಗಳು ಬರುತ್ತವೆ, ಕೇಳಿಸಿದ ಕೂಡಲೇ ಒತ್ತಬೇಕು. ಬಾಗಿಲು ಮುಚ್ಚಿದರು. ಎಂಥ ಮೌನವದು! ನನ್ನಂಥವರಿಗಾಗಿಯೇ ಯಾರೋ ಕಟ್ಟಿಸಿದ ಮಂಟಪದಂತಿತ್ತು. ಒಂದು ದನಿ ಬಂತು, ಒತ್ತಿದೆ. ಇನ್ನೊಂದು ಬಂತು, ಒತ್ತಿದೆ. ಆಮೇಲೆ ನೆನಪಿರುವುದು, ನರ್ಸ್ ಸಿಸ್ಟರ್ ನನ್ನ ಭುಜ ಅಲುಗಿಸುತ್ತಿದ್ದದ್ದು.

"ಮೇಡಂ, ಮೊದಲಿನ ಐದಾರು ಬರೋಬ್ಬರಿ ಒತ್ತೀರಿ. ಆಮ್ಯಾಲ ನಿಂತೇ ಬಿಡ್ತಲ್ರಿ."

"ಆವಾಜೇ ಬರಲಿಲ್ಲ ಸಿಸ್ಟರ್," ಎಂದೆ ಗಂಭೀರವಾಗಿ.

ಸಿಸ್ಟರ್ ತಮ್ಮ ಪೆನ್ನಿನ ತುದಿ ನೋಡಿಕೊಂಡರು. "ಬಂತ್ರಿ. ಒಳಗಿಂದೂ ಬಂತು, ಹೊರಗಿಂದೂ ಬಂತು." ಆಮೇಲೆ ನನ್ನ ಫಾರ್ಮಿನ ಹದಿನಾಲ್ಕನೆಯ ಉತ್ತರವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಇರಲಿ ಬಿಡ್ರಿ, ಮತ್ತ ಮಾಡೂಣು," ಎಂದರು. ಸದ್ದು ನುಗ್ಗದಂತೆ ಮುಚ್ಚಿದ ಗೂಡಿನಿಂದ ಹೊರಗೆ ಸದ್ದು ಬರುವಂತೆ ಮಾಡಿದವಳು ಆ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಎಚ್ಚರವಿದ್ದು ಮಾಡಿದ ಎರಡನೆಯ ಪರೀಕ್ಷೆಯಲ್ಲೂ ಎರಡೂ ಕಿವಿಗೆ ಮೆಲುದನಿಗಳು ಕೇಳಿಸಲಿಲ್ಲ. ಕಾರ್ಖಾನೆಯ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡುವುದಾಗಿಯೂ, ಅಷ್ಟರೊಳಗೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಬೇಕೆಂದೂ, ಆಗಲೂ ಹೀಗೇ ಬಂದರೆ ಮಾತ್ರೆ ಒತ್ತುವ ಕೋಣೆಯಲ್ಲಿ ಇರಿಸಿಕೊಳ್ಳಲಾಗುವುದಿಲ್ಲವೆಂದೂ ಹೇಳಿದರು. "ಮತ್ತ ಎಲ್ಲಿರಿ ಸರ್?" ಎಂದೆ, ಉತ್ತರ ಗೊತ್ತಿದ್ದೂ. ಅವರು ಎದುರಿನ ಬಾಗಿಲು ತೋರಿಸಿದರು. ಅಲ್ಲಿಂದ ಆಗ ನಾಲ್ಕು ಜನ ಒಟ್ಟಿಗೆ ನಗುತ್ತಿದ್ದರು. ಅದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

ಕಲಬುರಗಿಯ ತಜ್ಞರ ಬಳಿಗೆ ಆಯಿಯನ್ನು ಕರೆದುಕೊಂಡು ಹೋದೆ. ಅವಳ ಗೊರಕೆಗೂ ಒಂದು ಮದ್ದು ಕೇಳಿದಂತಾಯಿತು ಎಂದು. ಡಾಕ್ಟರು ನನ್ನ ಕಿವಿ ನೋಡಿದರು, ಮೂಗು ನೋಡಿದರು, ಬಾಯಿ ತೆರೆಸಿ ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ನನ್ನ ಗದ್ದ ಹಿಡಿದು, ದವಡೆ ಸಣ್ಣದು ಎಂದರು. ನನ್ನ ಮುಖದಲ್ಲಿ ಬಂಧುಬಳಗ ಹೊಗಳುತ್ತ ಬಂದದ್ದು ಅದೊಂದನ್ನೇ. ಇಷ್ಟು ಸಣ್ಣ ಗದ್ದ ಎಷ್ಟು ಚೆಂದ ಎನ್ನುತ್ತಿದ್ದರು. ಈಗ ನೋಡಿದರೆ ಆ ಚೆಂದದ ಹಿಂದೆ ನಾಲಿಗೆಗೆ ಜಾಗವೇ ಇರಲಿಲ್ಲವಂತೆ. "ರಾತ್ರಿ ಮಲಗಿದಾಗ ಉಸಿರು ನಿಂತಂಗ ಆಗತದೇನು?" ಎಂದು ಡಾಕ್ಟರು ಕೇಳಿದರು. ನಾನು "ಇಲ್ರಿ" ಎಂದೆ. ಅದೇ ಕ್ಷಣಕ್ಕೆ ಆಯಿ, "ಆಗತದ್ರಿ ಸಾಹೇಬ್ರ," ಎಂದಳು.

ನಾನು ತಿರುಗಿ ನೋಡಿದೆ. ಆಯಿ ನನ್ನನ್ನು ನೋಡಲಿಲ್ಲ. "ಗೊರಕಿ ಹೊಡೀತಿರತಾಳ, ಒಮ್ಮೆಲೆ ನಿಂತುಬಿಡತದ. ಆವಾಗ ನಾ ಎದ್ದು ಕುಂದರತೀನಿ. ಎಣಸತೀನಿ. ಹತ್ತು ಆಗತದ, ಹನ್ನೆರಡು ಆಗತದ, ಒಮ್ಮೊಮ್ಮೆ ಇಪ್ಪತ್ತರ ಮ್ಯಾಲ ಹೋಗತದ. ನನ್ನ ಜೀವ ಕೈಯಾಗ ಬರತದ್ರಿ. ಆಮ್ಯಾಲ ಭುಸ್ ಅಂತ ಉಸಿರು ಬಿಡತಾಳ. ಆವಾಗ ನಾ ಮಲಗತೀನಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಹೊರಗೆ ಬೆಂಚಿನ ಮೇಲೆ ಕೂತಾಗ, "ಓಣಿಯವ್ರ ಮುಂದ ಸಪ್ಪಳ ನಿಂದೇ ಅಂತ ಯಾಕ ಒಪ್ಪಿಕೊಂಡಿ ಆಯಿ?" ಎಂದು ಕೇಳಿದೆ. ಆಯಿ ಎಲೆಅಡಿಕೆಯ ಚೀಲ ಬಿಚ್ಚುತ್ತ, "ನಿನಗ ಲಗ್ನ ಆಗಬೇಕಾಗ್ಯಾದ. ನನಗೇನು ಇನ್ನೊಂದು ಲಗ್ನ ಆಗಬೇಕಾಗ್ಯಾದೇನು?" ಎಂದಳು.

ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿ ಮಲಗಿಸಿ ನಿದ್ದೆಯನ್ನು ಅಳೆದರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಅಂದರೆ ಸ್ಲೀಪ್ ಅಪ್ನಿಯಾ, ಇದೆಯೆಂದು ಖಾತ್ರಿಯಾಯಿತು. ಮಲಗುವಾಗ ಮೂಗಿಗೆ ಮುಖವಾಡ ಹಾಕಿಕೊಂಡು, ಒಂದು ಯಂತ್ರ ಮೆಲ್ಲಗೆ ಒತ್ತಿ ಕಳಿಸುವ ಗಾಳಿಯನ್ನು ಉಸಿರಾಡಬೇಕು. ಆ ಗಾಳಿ ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಕಿವಿಯ ಬಗ್ಗೆ ಕೇಳಿದಾಗ ಡಾಕ್ಟರು ನನ್ನಷ್ಟೇ ಎಚ್ಚರದಿಂದ ಮಾತಾಡಿದರು. ಮೂಗಿನ ಹಿಂಬದಿಯಿಂದ ಕಿವಿಯ ನಡುಭಾಗಕ್ಕೆ ಒಂದು ಸಣ್ಣ ಕೊಳವೆ ಇದೆಯಂತೆ, ನನ್ನದು ಕಟ್ಟಿಕೊಂಡಿದೆಯಂತೆ. ಮೂಗಿಗೆ ಔಷಧ ಬೇರೆ ಕೊಟ್ಟರು. ಸರಿಯಾಗಿ ಉಸಿರಾಡಿ, ಸರಿಯಾಗಿ ಮಲಗಿದರೆ ಕಿವಿಗೂ ಅನುಕೂಲ ಆಗಬಹುದು, ಆದರೆ ಯಂತ್ರವೇ ಕಿವಿಗೆ ಮದ್ದೆಂದು ತಿಳಿಯಬೇಡಿ, ಮಾತು ಕೊಡುವುದಿಲ್ಲ ಎಂದರು. "ಇನ್ನೊಂದು ಸಂಗತಿ. ನಿಮಗ ಕಿವಿ ಕೇಳಿಸೂದಿಲ್ಲ ಅನ್ನೂದು ಅರ್ಧ. ಇನ್ನರ್ಧ, ನೀವು ಹಗಲೆಲ್ಲ ನಿದ್ದಿಗಣ್ಣಾಗ ಇರ್ತೀರಿ. ಕಿವಿ ಕೇಳತದ, ಒಳಗ ತಗೊಳ್ಳೋರು ಇರೂದಿಲ್ಲ." ಈ ಮಾತನ್ನು ಎಷ್ಟೋ ದಿನ ಮೆಲುಕು ಹಾಕಿದೆ.

ಯಂತ್ರ ಮನೆಗೆ ಬಂದ ದಿನ ಮುಖವಾಡ ತೊಟ್ಟು ಕನ್ನಡಿಯ ಮುಂದೆ ನಿಂತೆ. ಮೂಗಿನ ಜಾಗದಿಂದ ಉದ್ದನೆಯ ಕೊಳವೆ ಇಳಿಬಿದ್ದಿತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಯಿ ನೇರವಾಗಿ, "ಗಣಪ್ಪನಂಗ ಕಾಣಾಕತ್ತಿ ಸುಮಿ," ಎಂದು ಎರಡೂ ಕೈಯಿಂದ ದೃಷ್ಟಿ ತೆಗೆದಳು. ಯಂತ್ರಕ್ಕೆ ಅವಳಿಟ್ಟ ಹೆಸರು ಹವಾಪೆಟ್ಟಿಗಿ. ಈ ವಿಷಯ ಈ ನಾಲ್ಕು ಗೋಡೆ ದಾಟಬಾರದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ. ಹಗಲಲ್ಲಿ ಹವಾಪೆಟ್ಟಿಗೆಯನ್ನು ನನ್ನ ಹಳೆಯ ಶಾಲೆಯ ಚೀಲದಲ್ಲಿ ಹಾಕಿ, ಚೀಲವನ್ನು ಅಲಮಾರಿಯಲ್ಲಿಟ್ಟು, ಅಲಮಾರಿಗೆ ಕೀಲಿ ಹಾಕಿ, ಕೀಲಿಯನ್ನು ಕಾರ್ಖಾನೆಗೆ ಒಯ್ಯುತ್ತಿದ್ದೆ.

ಮೊದಲ ವಾರ ಕಿವಿಗಳು ಬಂಡೆದ್ದವು. ಬೆಳಿಗ್ಗೆ ಎದ್ದರೆ ಎರಡೂ ಕಿವಿಯಲ್ಲಿ ಹತ್ತಿ ತುರುಕಿದಂತೆ. ಉಗುಳು ನುಂಗಿದರೆ ಪಟ್ ಎಂದು ಸದ್ದು. ಕಿವಿ ಸರಿಯಾಗಲೆಂದು ತಂದದ್ದು ಇದ್ದ ಕಿವಿಯನ್ನೂ ಕಸಿಯಿತೇ ಎಂದು ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಗಾಳಿಯ ಒತ್ತಡವನ್ನು ಸ್ವಲ್ಪ ತಗ್ಗಿಸಿದರು, ಬೆಚ್ಚಗಿನ ನೀರಿನ ಡಬ್ಬಿ ಜೋಡಿಸಿಕೊಳ್ಳಲು ಹೇಳಿದರು, ಮಲಗುವ ಮೊದಲು ಮೂಗು ತೊಳೆಯಲು ಹೇಳಿದರು. ಎರಡನೆಯ ವಾರದಲ್ಲಿ ಪಟ್ ಸದ್ದು ನಿಂತಿತು. ಮೂರನೆಯ ವಾರ ಬೆಳಿಗ್ಗೆ ಎದ್ದಾಗ ಯಾರೋ ಹಾಡುತ್ತಿದ್ದರು. ಅಡುಗೆಮನೆಗೆ ಹೋಗಿ ನೋಡಿದರೆ ಅವ್ವ. ರೊಟ್ಟಿ ಬಡಿಯುತ್ತ ತನಗೆ ತಾನೇ ಗುನುಗುತ್ತಿದ್ದಳು. "ಯಾವಾಗಿಂದ ಹಾಡಾಕತ್ತಿದಿ ಅವ್ವಾ?" ಎಂದೆ. ಅವ್ವ ವಿಚಿತ್ರವಾಗಿ ನೋಡಿ, "ನೀ ಹುಟ್ಟೂಕಿಂತ ಮೊದಲಿಂದ," ಎಂದಳು.

ಆಮೇಲೆ ಒಂದೊಂದಾಗಿ ಶುರುವಾಯಿತು. ನಮ್ಮ ಫ್ಯಾನು ಪ್ರತಿ ಸುತ್ತಿಗೊಮ್ಮೆ ಟಿಕ್ ಎನ್ನುತ್ತದೆ. ಆಯಿ ಮೌನಿಯಲ್ಲ, ದಿನವಿಡೀ ನನ್ನ ಸೀರೆ, ನನ್ನ ಊಟ, ನನ್ನ ನಡಿಗೆಯ ಬಗ್ಗೆ ಮೆಲುದನಿಯಲ್ಲಿ ಟೀಕೆ ಮಾಡುತ್ತಲೇ ಇರುತ್ತಾಳೆ. ಕಾರ್ಖಾನೆಯ ಹಜಾರದಲ್ಲಿ ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು ನಾನು ದಾಟಿದ ಮೇಲೆ, "ತಹಶೀಲ್ದಾರ್ ಹೋದ್ರು ನೋಡು," ಎನ್ನುತ್ತಾರೆ. ದಿನಾ ಬೆಳಿಗ್ಗೆ ಅವರು ನನಗೆ ನಮಸ್ಕಾರ ಹೇಳುತ್ತಿದ್ದರಂತೆ. ಐದು ವರ್ಷದಲ್ಲಿ ಒಂದಕ್ಕೂ ನಾನು ಉತ್ತರ ಕೊಟ್ಟಿರಲಿಲ್ಲವಂತೆ. ನನ್ನ ಗಾಂಭೀರ್ಯ, ನನ್ನ ಸಂಕೋಚ, ಓದಿದವಳ ಮಿತಭಾಷೆ ಎಂದು ನಾನು ಜೋಪಾನ ಮಾಡಿಕೊಂಡು ಬಂದದ್ದರಲ್ಲಿ ಎಷ್ಟು ಪಾಲು ನನ್ನ ಸ್ವಭಾವದ್ದು, ಎಷ್ಟು ಪಾಲು ಆ ಕಟ್ಟಿಕೊಂಡ ಕೊಳವೆಯದು? ತೂಗಿ ನೋಡುವ ಯಂತ್ರ ನಮ್ಮ ಕಾರ್ಖಾನೆಯಲ್ಲೂ ಇಲ್ಲ. ಮರುದಿನದಿಂದ ನಮಸ್ಕಾರಕ್ಕೆ ನಮಸ್ಕಾರ ಹೇಳತೊಡಗಿದೆ. ಮೊದಲ ದಿನ ಒಬ್ಬಳ ಕೈಯಿಂದ ಡಬ್ಬಗಳ ಟ್ರೇ ಬಿತ್ತು.

ಮರುಪರೀಕ್ಷೆಯ ದಿನ ಗೊತ್ತಾಯಿತು: ವಿಜಯದಶಮಿಯ ಮರುದಿನ. ನಾನು ದಿನ ಎಣಿಸುತ್ತ, ಒಂದು ರಾತ್ರಿಯೂ ತಪ್ಪಿಸದೆ ಮುಖವಾಡ ಹಾಕಿಕೊಂಡೆ. ಹಬ್ಬ ಬಂತು. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ಅಲಮಾರಿಯನ್ನು ಒರೆಸಲು ಆಯಿ ಕೀಲಿ ಕೇಳಿದಳು. ಹಬ್ಬದ ದಿನವಲ್ಲವೇ ಎಂದು ಕೊಟ್ಟು ತಲೆಸ್ನಾನಕ್ಕೆ ಹೋದೆ. ಹೊರಗೆ ಬಂದು ನೋಡುತ್ತೇನೆ: ಪಡಸಾಲೆಯಲ್ಲಿ, ರಸ್ತೆಯ ಬಾಗಿಲಿಗೆ ನೇರ ಎದುರಾಗಿ, ಮಣೆಯ ಮೇಲೆ ಸಾಲಾಗಿ ಅವ್ವನ ಹೊಲಿಗೆ ಯಂತ್ರ, ಅಪ್ಪ ಕಳಿಸಿದ ಕುಡುಗೋಲು, ಮನೆಯ ಈಳಿಗೆ, ಮತ್ತು ಎಲ್ಲದರ ನಡುವೆ ನನ್ನ ಹವಾಪೆಟ್ಟಿಗೆ. ಮೈಗೆ ವಿಭೂತಿಯ ಮೂರು ಪಟ್ಟಿ, ಕುಂಕುಮ, ಕೊಳವೆಗೆ ಸುತ್ತಿದ ಚೆಂಡು ಹೂವಿನ ಮಾಲೆ, ಮುಂದೆ ನಿಂಬೆಹಣ್ಣು. ಮುಖವಾಡವನ್ನು ಮಾತ್ರ ಭಕ್ತಿಯಿಂದ ತೊಳೆದು ಯಂತ್ರದ ತಲೆಗೆ ಕಿರೀಟದಂತೆ ಏರಿಸಿದ್ದಳು. ಆಯಿ ಆಗಲೇ ಆರತಿ ಎತ್ತಿದ್ದಳು.

"ಆಯಿ! ಇದನ್ನ ಯಾಕ ಇಟ್ಟಿ?"

"ಮತ್ತ ಯಾವುದನ್ನ ಇಡಲಿ? ಆ ಕುಡುಗೋಲು ವರ್ಷಕ್ಕ ನಾಲ್ಕು ದಿನ ದುಡಿಯತದ. ಇದು ದಿನಾ ರಾತ್ರಿ ನಿನ್ನ ಜೀವ ಕಾಯತದ. ಇದಕ್ಕ ಪೂಜಿ ಮಾಡಲಿಲ್ಲಂದ್ರ ಹ್ಯಾಂಗ?"

"ಸರಿ, ಪೂಜಿ ಆತಲ್ಲ. ಒಳಗ ಒಯ್ಯತೀನಿ."

"ಮುಟ್ಟಬ್ಯಾಡ!" ಆಯಿ ಆರತಿ ತಟ್ಟೆಯನ್ನೇ ಅಡ್ಡ ಹಿಡಿದಳು. "ಪೂಜಿಗೆ ಕುಂತದ್ದು ನಾಳಿ ಬನ್ನಿ ಕೊಡೂತನಕ ಏಳಂಗಿಲ್ಲ. ಇವತ್ತ ಅದಕ್ಕ ಸೂಟಿ."

ನಾನು ವಾದಿಸಿದೆ. ನಾಡಿದ್ದು ಪರೀಕ್ಷೆ, ಒಂದು ರಾತ್ರಿ ತಪ್ಪಿದರೆ ಕಿವಿ ಮತ್ತೆ ಕಟ್ಟಿಕೊಂಡೀತು, ಕೆಲಸದ ಜಾಗ ಹೋದೀತು, ಡಾಕ್ಟರು ರಜೆ ಕೊಟ್ಟಿಲ್ಲ ಎಂದೆಲ್ಲ. ಆಯಿ ದೇವರ ಕಡೆ ಕೈ ತೋರಿಸಿ, "ಒಂದಿನ ಆತ ನೋಡಿಕೊಳ್ಳತಾನ. ನಾ ಎದ್ದು ಕುಂದರತೀನಿ, ಎಣಸತೀನಿ. ಇಷ್ಟು ವರ್ಷ ಎಣಿಸಿಲ್ಲೇನು?" ಎಂದಳು. ಎಣಿಸುವ ಮಾತು ಬಂದ ಮೇಲೆ ನಾನು ವಾದ ಬಿಟ್ಟೆ. ಅಂದು ಮೂರು ದಿಂಬು ಪೇರಿಸಿ ಒರಗಿ, ನಿದ್ದೆಯನ್ನೇ ಮಾಡುವುದಿಲ್ಲವೆಂದು ಪುಸ್ತಕ ಹಿಡಿದು ಕೂತೆ. ನಾಲ್ಕನೆಯ ಪುಟ ಇವತ್ತಿಗೂ ಓದಿಲ್ಲ.

ಮರುದಿನ ಸಂಜೆ ಬನ್ನಿ ಕೊಡಲು ಓಣಿಯ ಜನ ಬರತೊಡಗಿದರು. ನಮ್ಮ ಕಡೆ ಅಂದು ಪ್ರತಿಯೊಬ್ಬರೂ ಪ್ರತಿಯೊಬ್ಬರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎಂದು ಹೇಳಲೇಬೇಕು, ಯಾರೂ ತಪ್ಪಿಸುವುದಿಲ್ಲ. ಆಯಿ ಎಲ್ಲರ ಕೈಗೂ ಬನ್ನಿ ಮುಟ್ಟಿಸದೆ ಯಂತ್ರವನ್ನು ಎಬ್ಬಿಸಲೊಪ್ಪಳು. ನಾನು ಅದರ ಮುಂದೆ ಸೆರಗು ಹರಡಿ ನಿಂತೆ. ಎದುರು ಮನೆಯ ಸಂಗಪ್ಪ ಕಾಕಾ ಒಳಗೆ ಬಂದವರು ಬನ್ನಿ ಕೊಟ್ಟು, ನನ್ನ ಸೆರಗಿನ ಆಚೆ ಇಣುಕಿ, "ಹೊಸಾ ಮಿಕ್ಸರ್ ಏನು ಆಯಿ?" ಎಂದರು.

ಹೌದೆನ್ನಲು ನಾನು ಬಾಯಿ ತೆರೆದೆ. ಆಯಿ ಮುಂಚೆಯೇ ತೆರೆದಳು. "ಮಿಕ್ಸರ್ ಅಲ್ಲೋ ಸಂಗಪ್ಪಾ. ನಮ್ಮ ಸುಮಿ ಉಸಿರಿಂದು. ಇದು ಬಂದಾಗಿಂದ ಹುಡುಗಿ ಉಸಿರು ಒಂದಿನ ನಿಂತಿಲ್ಲ, ಗೊರಕಿನೂ ಇಲ್ಲ."

ಆ ಕ್ಷಣದಲ್ಲಿ ನನ್ನ ಕಿವಿ ಮೊದಲಿನಂತಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಹಬ್ಬದ ಹೋಳಿಗೆಗೆ ಬಂದಿದ್ದ ರಜಿಯಾ ಖಾಲಾ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ, ಇದಕ್ಕೇನು! ಎರಡು ತಿಂಗಳಾತು, ಗೋಡಿ ಆ ಕಡಿಂದ ಆವಾಜೇ ಇಲ್ಲ. ನಾ ಏನು ತಿಳಕೊಂಡೆ ಅಂದ್ರ, ಹುಡುಗಿಗೆ ಸುಮ್ಕ ಲಗ್ನ ಮಾಡಿ ಕಳಿಸಿಬಿಟ್ಟಾರ, ನಮಗ ದಾವತ್ ಸುದ್ದಾ ಕೊಡಲಿಲ್ಲ ಅಂತ. ಮನಸಿಗಿ ಭಾಳ ಹತ್ತಿತ್ತು ಬೇಟಾ."

"ನಾ ದಿನಾ ಇದೇ ಬಾಗಲದಿಂದ ಹೋಗಿ ಬರ್ತೀನಲ್ರಿ ಖಾಲಾ!"

"ನೀ ಹೊತ್ತು ಹೊಂಡೂಕಿಂತ ಮೊದಲು ಹೋಗ್ತಿ, ಮುಳುಗಿದ ಮ್ಯಾಲ ಬರ್ತಿ. ಐತವಾರ ಬಾಗಲಾ ತೆಗೆಯಂಗಿಲ್ಲ. ನಿನಗ ನೋಡೂದು ನಾವು ಯಾವತ್ತಿತ್ತು? ಕೇಳೂದೇ ಇತ್ತು."

ಸಂಗಪ್ಪ ಕಾಕಾ ತೊಡೆ ತಟ್ಟಿದರು. "ಅದಕ್ಕ ನಿನ್ನಿ ರಾತ್ರಿ ಮತ್ತ ಕೇಳಿಸ್ತು ನೋಡ್ರಿ! ನಾ ನಮ್ಮಾಕಿಗೆ ಅಂದೆ, ಸುಮಿ ಹಬ್ಬಕ್ಕ ತವರಿಗೆ ಬಂದಾಳ ಅಂತ."

ಅವ್ವ ನಗು ತಡೆಯಲಾರದೆ ಒಳಗೆ ಓಡಿದಳು. ನಾನು ಕೆಂಪಾಗಿ, "ಅಂದ್ರ ನಿಮಗ ಮೊದಲಿಂದ ಗೊತ್ತಿತ್ತೇನ್ರಿ ಕಾಕಾ, ಅದು ಆಯಿದಲ್ಲ, ನಂದು ಅಂತ?" ಎಂದೆ.

"ಗೊತ್ತಿರಲಾರದೇನವ್ವಾ? ನೀ ಕಲಬುರಗಿಗೆ ಓದಾಕ ಹೋದ ಎರಡು ವರ್ಷ ಆಯಿ ಒಬ್ಬಾಕಿನೇ ಮಾಳಿಗಿ ಮ್ಯಾಲ ಮಲಗತಿದ್ಳು. ಪಿಟ್ ಅನ್ನಲಿಲ್ಲ. ಆಯಿ ನಂದು ಅಂದ್ಳು, ನಾವು ಹ್ಞೂಂ ಅಂದ್ವಿ. ಅದರಾಗೇನದ?"

ಖಾಲಾ ತಮ್ಮ ಕೈಯಲ್ಲಿದ್ದ ಬನ್ನಿ ಎಲೆಯನ್ನು ನಿಂಬೆಹಣ್ಣಿನ ಪಕ್ಕ ಇಟ್ಟು, ಹವಾಪೆಟ್ಟಿಗೆಯನ್ನು ಒಂದು ಸಲ ಮೆಲ್ಲಗೆ ತಟ್ಟಿ, "ಬಂಗಾರದಂಗ ಇರಪಾ," ಎಂದರು. ಅಂದು ಬಂದವರೆಲ್ಲ ನನಗೊಂದು ಎಲೆ, ಅದಕ್ಕೊಂದು ಎಲೆ ಕೊಟ್ಟರು. ರಾತ್ರಿಯೊಳಗೆ ಅದರ ಮುಂದೆ ನನ್ನದಕ್ಕಿಂತ ದೊಡ್ಡ ಗುಡ್ಡೆಯಿತ್ತು. ನಾನು ಇಷ್ಟು ವರ್ಷ ಒಂದು ಗುಟ್ಟನ್ನು ಓಣಿಯಿಂದ ಬಚ್ಚಿಡುತ್ತಿದ್ದೇನೆಂದು ತಿಳಿದಿದ್ದೆ. ನಿಜವಾಗಿ ಓಣಿಯೇ ಒಟ್ಟು ಸೇರಿ ಅದನ್ನು ನನ್ನಿಂದ ಬಚ್ಚಿಟ್ಟಿತ್ತು. ಇಷ್ಟೊಂದು ಜನ ಇಷ್ಟು ವರ್ಷ ನಿದ್ದೆಗೆಟ್ಟು, ಬೆಳಿಗ್ಗೆ ಎದ್ದು ಏನೂ ಕೇಳಿಸದವರಂತೆ ಇದ್ದರು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಹೋಳಿಗೆ ಇನ್ನೊಂದು ಹಾಕಿಸಿಕೊಂಡೆ.

ಅಂದು ಮಲಗುವಾಗ ಮುಖವಾಡದೊಳಗಿಂದ ಊದಿನಕಡ್ಡಿ, ಚೆಂಡು ಹೂವಿನ ವಾಸನೆ ಬಂತು. ಆಯಿ ಬೇಗ ಮಲಗಿ ನಿದ್ದೆ ಹೋದಳು. ಗೊರಕೆ ಹೊಡೆಯಲಿಲ್ಲ. ನಾನು ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿದೆ.

ಮರುಪರೀಕ್ಷೆಯ ಫಾರ್ಮಿನಲ್ಲಿ ಹದಿನಾಲ್ಕನೆಯ ಪ್ರಶ್ನೆಗೆ, "ಹೌದು, ಚಿಕಿತ್ಸೆಯಲ್ಲಿದ್ದೇನೆ, ಯಂತ್ರವಿಲ್ಲದ ರಾತ್ರಿ ಓಣಿಗೆಲ್ಲ ಕೇಳಿಸುತ್ತದೆ," ಎಂದು ಬರೆದೆ. ಜಾಗ ಸಾಲದೆ ಅಂಚಿಗೆ ಹೋಯಿತು. ಅದೇ ಗೂಡು, ಅದೇ ಸಿಸ್ಟರ್. ಬಾಗಿಲು ಮುಚ್ಚುವ ಮೊದಲು ಅವರು, "ಮಲಗಬ್ಯಾಡ್ರಿ ಮತ್ತ," ಎಂದರು. ದನಿಗಳು ಬಂದವು. ಒಂದು, ಎರಡು, ಹತ್ತು. ಕೊನೆಕೊನೆಗೆ ಬಂದವು ಎಷ್ಟು ಸಣ್ಣವೆಂದರೆ, ದೂರದ ಮನೆಯಲ್ಲಿ ಯಾರೋ ಬಳೆ ಸರಿಸಿದಷ್ಟು. ಒತ್ತಿದೆ. ಹೊರಗೆ ಬಂದಾಗ ಸಿಸ್ಟರ್ ಕಾಗದ ತಿರುಗಿಸಿ ತೋರಿಸಿದರು. ಎರಡೂ ಕಿವಿ ಸಾಮಾನ್ಯ. ಡಾಕ್ಟರು ಸಹಿ ಹಾಕಿ ಅದರ ಒಂದು ಪ್ರತಿ ನನಗೆ ಕೊಟ್ಟು, ಪ್ಲಗ್ ಮರೆಯಬೇಡಿ, ನಿಮ್ಮ ಕೋಣೆಗೆ ಹೋಗಿ ಎಂದರು. ಹಜಾರದಲ್ಲಿ ನಡೆಯುವಾಗ ಹಿಂದಿನಿಂದ, "ತಹಶೀಲ್ದಾರ್ ಪಾಸಾದ್ರು," ಎಂದು ಯಾರೋ ಪಿಸುಗುಟ್ಟಿದರು. ನಾನು ತಲೆಯ ಟೋಪಿ ಸರಿಮಾಡಿಕೊಂಡೆ; ಕೇಳಿಸಲಿಲ್ಲವೆಂಬಂತೆ.

ಸಂಜೆಯ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಸರೋಜಕ್ಕನಿಗೆ ಬಂತು. ಹಬ್ಬದ ದಣಿವು ಇರಬೇಕು. ಬಸ್ಸು ಹುಮನಾಬಾದ್ ದಾಟುವಷ್ಟರಲ್ಲಿ ಅವರ ತಲೆ ನನ್ನ ಭುಜಕ್ಕೆ ಬಂತು, ಸ್ವಲ್ಪ ಹೊತ್ತಿಗೆ ದನಿಯೂ ಬಂತು. ಮೊದಲು ಕಾಫಿ ಬೀಜ ಪುಡಿ ಮಾಡುವ ಹಾಗೆ, ಆಮೇಲೆ ಟ್ರ್ಯಾಕ್ಟರು ದಿಣ್ಣೆ ಹತ್ತುವ ಹಾಗೆ. ಮುಂದಿನ ಸೀಟಿನವರು ತಿರುಗಿ ನೋಡಿದರು; ನಾನು ಅವರನ್ನೇ ದುರುಗುಟ್ಟಿ ನೋಡಿದೆ, ಅವರು ಮುಂದಕ್ಕೆ ತಿರುಗಿದರು. ಆಯಿಯ ಹಾಗೆ ನಾನೂ ಎಣಿಸುತ್ತ ಕೂತೆ. ಊರು ಬರುವತನಕ ಉಸಿರು ಎಲ್ಲಿಯೂ ನಿಲ್ಲಲಿಲ್ಲ. ಕಾಯಿಲೆಯಲ್ಲ, ಶುದ್ಧ ಗೊರಕೆ.

ಬಸ್ ನಿಲ್ದಾಣದಲ್ಲಿ ಸರೋಜಕ್ಕ ದಡಕ್ಕನೆ ಎದ್ದು ಸೆರಗು ಸರಿಮಾಡಿಕೊಂಡರು. "ನಿದ್ದಿ ಹತ್ತಿಬಿಟ್ಟಿತ್ತಲ್ಲವ್ವಾ. ಏನರ ಸಪ್ಪಳ ಮಾಡಿದ್ನೇನು?"

ನಾನು ಕಿಟಕಿಯಾಚೆ ನೋಡಿದೆ. ಅಲ್ಲಿ ತೊಗರಿ ಹೊಲವಿರಲಿಲ್ಲ, ಬಾಳೆಹಣ್ಣಿನ ಗಾಡಿಯಿತ್ತು, ಅದನ್ನೇ ನೋಡಿದೆ. "ಇಲ್ರಿ ಅಕ್ಕ, ನನಗೇನೂ ಕೇಳಿಸಿಲ್ಲ."

ನನ್ನ ಮಡಿಲಿನ ಚೀಲದಲ್ಲಿ, ಎರಡೂ ಕಿವಿ ಸಾಮಾನ್ಯವೆಂದು ಅಂದೇ ಸಹಿಯಾದ ಪತ್ರವಿತ್ತು. ದಾಖಲೆ ಹೇಳುವುದೊಂದು, ನಾನು ಹೇಳಿದ್ದೊಂದು. ಇದು ಸ್ಪಷ್ಟವಾಗಿ ಡೀವಿಯೇಷನ್. ನಿಯಮದ ಪ್ರಕಾರ ಫಾರ್ಮು ತುಂಬಬೇಕು. ಏನಾಯಿತು, ಯಾಕಾಯಿತು ಎಂಬುದನ್ನು ಇಲ್ಲಿಯವರೆಗೆ ಬರೆದಿದ್ದೇನೆ. ಮತ್ತೆ ಆಗದಂತೆ ಏನು ಕ್ರಮ ಎಂಬ ಕಾಲಂ ಮಾತ್ರ ಖಾಲಿ ಬಿಟ್ಟಿದ್ದೇನೆ. ನಾಳೆಯೂ ಅದೇ ಬಸ್ಸು, ಅದೇ ಸೀಟು.